ಒಟ್ಟು ಮೊತ್ತ ತಾಳೆಯಾಗದ ಡ್ಯಾಶ್‌ಬೋರ್ಡ್: ಒಂದು ಆಪ್ತಸಲಹೆ ಪ್ರಕರಣ

ಮೂವತ್ತರ ಆಸುಪಾಸಿನ ಮಹಿಳೆ. ಒಂದು ಕಂಪನಿಯ ಮಾರಾಟ ವಿಭಾಗದಲ್ಲಿ ಕೆಲಸ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ತಿಂಗಳ ವರದಿಯನ್ನು ವರ್ಷಗಳಿಂದ ಎಕ್ಸೆಲ್‌ನಲ್ಲಿ ಮಾಡುತ್ತಿದ್ದರು. ಇನ್ನು ಪವರ್ ಬಿಐ (ಮೈಕ್ರೋಸಾಫ್ಟ್‌ನ ವರದಿ ಸಾಧನ) ಡ್ಯಾಶ್‌ಬೋರ್ಡ್, ಅಂದರೆ ಅಂಕಿಅಂಶಗಳನ್ನು ಚಾರ್ಟ್‌ಗಳಲ್ಲಿ ತೋರಿಸುವ ಪುಟ ಬೇಕು ಎಂದು ಮೇಲಿನವರು ಹೇಳಿದ ಮೇಲೆ, ರಾತ್ರಿ ಕೂತು ವಿಡಿಯೊ ನೋಡಿ ಕಲಿಯತೊಡಗಿದರು.

ನನ್ನ ಹತ್ತಿರ ಬಂದಾಗ ಹೇಳಿದ ಮೊದಲ ಮಾತು, "ಮೇಡಂ, ಇದು ನನ್ನ ತಲೆಗೆ ಹತ್ತಲ್ಲ. ನಾನು ಕಂಪ್ಯೂಟರ್ ಓದಿದವಳಲ್ಲ."

ಏನಾಯಿತು ಎಂದು ಕೇಳಿದೆ. ಮೀಟಿಂಗ್‌ನಲ್ಲಿ ಅವರು ತೋರಿಸಿದ ಒಟ್ಟು ಮಾರಾಟ, ಅಕೌಂಟ್ಸ್‌ನವರ ಲೆಕ್ಕಕ್ಕಿಂತ ಜಾಸ್ತಿ ಇತ್ತಂತೆ. "ಹಾಗಾದರೆ ಯಾವುದನ್ನು ನಂಬೋದು?" ಎಂದು ಎಲ್ಲರ ಎದುರು ಒಬ್ಬರು ಕೇಳಿದರಂತೆ. ಆಮೇಲೆ ಅವರು ಆ ಫೈಲ್ ತೆರೆದೇ ಇರಲಿಲ್ಲ. ಆದರೆ ಒಂದಾದ ಮೇಲೊಂದು ಕೋರ್ಸ್‌ಗೆ ಸೇರುತ್ತಿದ್ದರು. ಕೋರ್ಸ್ ಸೇರಿದಾಗ ಕಲಿಯುತ್ತಿದ್ದೇವೆ ಅನ್ನಿಸುತ್ತದೆ, ಅಲ್ವಾ? ಅವರಿಗೆ ಅದು ಆ ಫೈಲ್‌ನಿಂದ ದೂರ ಇರುವ ದಾರಿಯಾಗಿತ್ತು.

ಕಂಪನಿಯ ಅನುಮತಿ ಪಡೆದು, ಗ್ರಾಹಕರ ಹೆಸರು ತೆಗೆದು, ಅದೇ ಫೈಲ್ ತನ್ನಿ ಎಂದೆ. ಈ ಕೆಲಸ ನಾನೂ ಹಿಂದೆ ಮಾಡಿದ್ದರಿಂದ ಜೊತೆಗೆ ಕೂತು ನೋಡಲು ಸಾಧ್ಯವಾಯಿತು.

ತಪ್ಪು ಬೇಗ ಸಿಕ್ಕಿತು. ಉತ್ಪನ್ನಗಳ ಪಟ್ಟಿಯಲ್ಲಿ ಕೆಲವು ಕೋಡ್‌ಗಳು ಎರಡೆರಡು ಸಲ ಇದ್ದವು. ಪವರ್ ಬಿಐನಲ್ಲಿ ಡೇಟಾ ಸಿದ್ಧಪಡಿಸುವ ಭಾಗವಾದ ಪವರ್ ಕ್ವೆರಿಯಲ್ಲಿ ಆ ಪಟ್ಟಿಯನ್ನು ಮಾರಾಟದ ಟೇಬಲ್ ಜೊತೆ ಮರ್ಜ್ ಮಾಡಿದ್ದರು, ಅಂದರೆ ಕೋಡ್ ನೋಡಿ ಎರಡನ್ನೂ ಒಂದೇ ಟೇಬಲ್ ಆಗಿ ಜೋಡಿಸಿದ್ದರು. ಆಗ ಅಂಥ ಕೋಡ್ ಇರುವ ಪ್ರತಿ ಬಿಲ್ ಸಾಲು ಎರಡಾಗಿ, ಮೊತ್ತ ಊದಿಕೊಂಡಿತ್ತು. ಇದನ್ನು ನೋಡಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಷ್ಟೇನಾ?" ಎಂದರು. ಇಷ್ಟೇ. ಇದಕ್ಕೂ ಕಂಪ್ಯೂಟರ್ ಓದಿಗೂ ಸಂಬಂಧವಿಲ್ಲ. ಮೊತ್ತ ತಾಳೆ ನೋಡುವುದನ್ನು ಅವರು ಎಕ್ಸೆಲ್‌ನಲ್ಲಿ ವರ್ಷಗಟ್ಟಲೆ ಮಾಡಿದ್ದಾರೆ. ಹೊಸ ಸಾಧನ ಕೈಗೆ ಬಂದಾಗ ಆ ಅಭ್ಯಾಸವನ್ನೇ ಬಿಟ್ಟಿದ್ದರು, ಏಕೆಂದರೆ ಅವರು ನೋಡಿದ ವಿಡಿಯೊಗಳಲ್ಲಿ ಯಾರೂ ತಾಳೆ ನೋಡುತ್ತಿರಲಿಲ್ಲ. ಅಲ್ಲಿ ಡೇಟಾ ಯಾವಾಗಲೂ ಮೊದಲೇ ಶುದ್ಧವಾಗಿರುತ್ತದೆ.

ಹಾಗಾಗಿ ನನ್ನ ಮೊದಲ ಸಲಹೆ: ಚಾರ್ಟ್ ಹಾಕುವ ಮುಂಚೆ ಖಾಲಿ ಪುಟದಲ್ಲಿ ಮೂರೇ ಸಂಖ್ಯೆ ಇಡಿ. ಒಟ್ಟು ಮಾರಾಟ, ಬಿಲ್‌ಗಳ ಸಂಖ್ಯೆ, ವಾಪಸ್ ಬಂದ ಸರಕಿನ ಮೊತ್ತ. ಒಂದು ತಿಂಗಳಿಗೆ ಇವು ಅಕೌಂಟ್ಸ್ ಜೊತೆ ತಾಳೆಯಾಗುವವರೆಗೆ ಮುಂದೆ ಹೋಗಬೇಡಿ. ಅಲ್ಲಿ ತೆರಿಗೆ ಸೇರಿಸಿದ್ದಾರಾ, ವಾಪಸಾತಿ ಕಳೆದಿದ್ದಾರಾ, ಬಿಲ್ ದಿನಾಂಕವಾ ಡೆಲಿವರಿ ದಿನಾಂಕವಾ ಎಂದು ಹೋಗಿ ಕೇಳಿ. ಹೀಗೆ ಕೇಳುವುದು ಅವರಿಗೆ ತುಂಬಾ ಕಷ್ಟವಾಗಿತ್ತು. ಕೇಳಿದರೆ ಗೊತ್ತಿಲ್ಲದವಳು ಅಂದುಕೊಳ್ಳುತ್ತಾರೆ ಎಂಬ ಭಯ. ನಾವು ಹೆಚ್ಚು ಸಮಯ ಮಾತಾಡಿದ್ದು ಇದರ ಬಗ್ಗೆಯೇ. ಕೊನೆಗೆ ಕೇಳಬೇಕಾದ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಂಡು ಹೋದರು.

ಎರಡನೆಯದು, ಎಲ್ಲವನ್ನೂ ಒಂದೇ ದೊಡ್ಡ ಟೇಬಲ್ ಮಾಡುವುದನ್ನು ಬಿಡಿ ಎಂದೆ. ಮಾರಾಟದ ಸಾಲುಗಳು ನಡುವೆ ಇರಲಿ. ಉತ್ಪನ್ನ, ಗ್ರಾಹಕ, ದಿನಾಂಕದ ಟೇಬಲ್‌ಗಳು ಸುತ್ತ ಇದ್ದು, ಎರಡೂ ಕಡೆ ಇರುವ ಕೋಡ್‌ನಂಥ ಕಾಲಂ ಆಧರಿಸಿದ ಸಂಬಂಧದ (ರಿಲೇಶನ್‌ಶಿಪ್) ಮೂಲಕ ಸೇರಲಿ. ಸ್ಟಾರ್ ಸ್ಕೀಮಾ ಎಂದರೆ ಇದೇ. ದಿನಾಂಕದ ಟೇಬಲ್‌ನಲ್ಲಿ ಮಾರಾಟ ಆಗದ ದಿನಗಳೂ ಇರಬೇಕು. ಹೋದ ವರ್ಷದ ಜೊತೆ ಹೋಲಿಸುವಾಗ ಅದು ಬೇಕೇ ಬೇಕು.

ಪವರ್ ಬಿಐನಲ್ಲಿ ಲೆಕ್ಕ ಹಾಕಲು ಬರೆಯುವ ಡ್ಯಾಕ್ಸ್ ಸೂತ್ರಗಳೆಂದರೆ ಅವರಿಗೆ ಹೆದರಿಕೆ. ಒಂದೇ ಉದಾಹರಣೆ ಕೊಟ್ಟೆ. ಒಂದು ಉತ್ಪನ್ನ 100ಕ್ಕೆ ಮಾರಿ 50 ಲಾಭ, ಅಂದರೆ 50 ಶೇಕಡಾ. ಇನ್ನೊಂದು 900ಕ್ಕೆ ಮಾರಿ 90 ಲಾಭ, 10 ಶೇಕಡಾ. ಶೇಕಡಾಗಳ ಸರಾಸರಿ 30. ನಿಜವಾದ ಲಾಭದ ಪ್ರಮಾಣ 1,000ಕ್ಕೆ 140, ಅಂದರೆ 14 ಶೇಕಡಾ. ಆದ್ದರಿಂದ ಲಾಭದ ಪ್ರಮಾಣವನ್ನು ಸಾಲು ಸಾಲಾಗಿ ಲೆಕ್ಕಹಾಕಿ ಸರಾಸರಿ ತೆಗೆಯಬಾರದು. ಒಟ್ಟು ಲಾಭವನ್ನು ಒಟ್ಟು ಮಾರಾಟದಿಂದ ಭಾಗಿಸುವ ಸೂತ್ರ, ಅಂದರೆ ಮೆಶರ್, ಬರೆಯಬೇಕು. ಫಿಲ್ಟರ್ ಬದಲಾದಾಗ ಅದು ತಾನೇ ಹೊಸದಾಗಿ ಲೆಕ್ಕ ಹಾಕುತ್ತದೆ. ಇದು ಮನಸ್ಸಿಗೆ ಹೊಕ್ಕ ಮೇಲೆ ಉಳಿದ ಸೂತ್ರಗಳು ಅಷ್ಟು ಹೆದರಿಸಲಿಲ್ಲ.

ಪುಟದಲ್ಲಿದ್ದ ಪೈ ಚಾರ್ಟ್‌ಗಳ ಜಾಗಕ್ಕೆ ಬಾರ್ ಚಾರ್ಟ್ ಹಾಕಿಸಿದೆ. ಕೋನಕ್ಕಿಂತ ಉದ್ದವನ್ನು ಹೋಲಿಸುವುದು ಕಣ್ಣಿಗೆ ಸುಲಭ. ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ಇದನ್ನು ತೋರಿಸಿದ್ದಾರೆ.

ಈಚೆಗೆ ಬಂದಾಗ ಪವರ್ ಬಿಐ ಪ್ರಮಾಣಪತ್ರಕ್ಕಾಗಿ ಮೈಕ್ರೋಸಾಫ್ಟ್ ನಡೆಸುವ ಪಿಎಲ್-300 ಪರೀಕ್ಷೆ ಬರೆಯಲಾ ಎಂದು ಕೇಳಿದರು. ಖಂಡಿತ ಬರೆಯಿರಿ, ಆದರೆ ಈಗಲೇ ಬೇಡ ಎಂದೆ. ಮೊದಲು ಈ ಪುಟವನ್ನು ಮ್ಯಾನೇಜರ್ ಕೈಗೆ ಕೊಡಿ. ಅವರು ಯಾವ ಚಾರ್ಟ್ ನೋಡುತ್ತಾರೆ, ನೋಡಿ ಏನು ನಿರ್ಧಾರ ಮಾಡುತ್ತಾರೆ ಎಂದು ಒಂದು ತಿಂಗಳು ಗಮನಿಸಿ. ಯಾರೂ ನೋಡದ ಚಾರ್ಟ್‌ಗಳನ್ನು ತೆಗೆದುಹಾಕಿ. ಆಕೆ ಒಪ್ಪಿದರು. ಮುಂದಿನ ಮೀಟಿಂಗ್‌ಗೆ ತಾಳೆ ಪಟ್ಟಿಯನ್ನೂ ಜೊತೆಗೆ ಒಯ್ಯುವುದಾಗಿ ಹೇಳಿದ್ದಾರೆ.