ಗೋಡೆ ಆಮೇಲೆ ಕಟ್ಟಬಹುದು, ಮೊದಲು ಮೆಟ್ಟಿಲು ಎಲ್ಲಿದೆ ಹೇಳಿ

ಈಗ ಒಂದೇ ಮನೆ, ಮುಂದೆ ಬೇಕಾದರೆ ಎರಡು. ಅದಕ್ಕೆ ಮಡಚುವ ಗೋಡೆ ಹಾಕಿಸಲಾ, ಇಲ್ಲ ಮಹಡಿ ಮೇಲೆ ಈಗಲೇ ಇನ್ನೊಂದು ಅಡುಗೆಮನೆ ಮಾಡಿಸಲಾ ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಮಾತಿಟ್ಟುಕೊಂಡು ಇಂಜಿನಿಯರ್ ಮುಂದೆ ಕೂತಿದ್ದೆ.

ಕೆಳಗೆ ಅಪ್ಪ, ಅಮ್ಮ, ನಾನು, ಹೆಂಡತಿ, ಮಗಳು. ಮೇಲೆ ತಮ್ಮ ಮತ್ತು ಅವನ ಹೆಂಡತಿ. ಇಂಜಿನಿಯರ್ ಎರಡು ಪ್ಲಾನ್ ಬರೆದು ತಂದಿದ್ದರು. ಒಂದರಲ್ಲಿ ಮುಂಬಾಗಿಲು ದಾಟಿದ ಕೂಡಲೇ ಸಣ್ಣ ಪಡಸಾಲೆ, ಅಲ್ಲಿಂದ ಬಲಕ್ಕೆ ಮೆಟ್ಟಿಲು, ಎಡಕ್ಕೆ ಹಾಲ್. ಇನ್ನೊಂದರಲ್ಲಿ ಪಡಸಾಲೆಯೇ ಇಲ್ಲ. ದೊಡ್ಡ ಹಾಲ್, ಅದರ ಹಿಂದಿನ ಮೂಲೆಯಲ್ಲಿ ಮೆಟ್ಟಿಲು. "ಮೊದಲನೆಯದು ತಗೊಳ್ಳಿ ಸಾರ್, ನಾಳೆ ಬೇರೆ ಮಾಡೋದು ಸುಲಭ" ಅಂದರು. ನನ್ನ ಕಣ್ಣಿಗೆ ಬಿದ್ದಿದ್ದು ಹಾಲ್ 4 ಅಡಿ ಚಿಕ್ಕದಾಗುತ್ತದೆ ಅನ್ನೋದು ಮಾತ್ರ. "ಒಂದೇ ಮನೆಯವರು, ಹಾಲ್ ದಾಟಿ ಹೋದರೆ ಏನಾಗುತ್ತೆ?" ಅಂದೆ. ಎರಡನೇ ಪ್ಲಾನ್ ಪಾಸಾಯಿತು.

ನಾಲ್ಕು ವರ್ಷ ಏನೂ ಆಗಲಿಲ್ಲ. ಆಮೇಲೆ ಅಪ್ಪನಿಗೆ ಮಂಡಿ ಆಪರೇಷನ್ ಆಯಿತು. ಅವರ ಕೋಣೆಯ ಬಾತ್‌ರೂಮ್ ಬಾಗಿಲು ಎರಡೂಕಾಲು ಅಡಿ, ವಾಕರ್ ಒಳಗೆ ಹೋಗಲಿಲ್ಲ. ಅದಕ್ಕೆ ಅವರ ಮಂಚವನ್ನು ಹಾಲ್‌ಗೆ ತಂದೆವು. ಅದೇ ಹೊತ್ತಿಗೆ ತಮ್ಮನಿಗೆ ರಾತ್ರಿ ಪಾಳಿ ಬಂತು. ಎರಡು ಗಂಟೆಗೆ ಬರುತ್ತಿದ್ದ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಮೊಬೈಲ್ ಬೆಳಕನ್ನು ಅಂಗೈಯಿಂದ ಮುಚ್ಚಿಕೊಂಡು, ಮಂಚದ ಪಕ್ಕದಲ್ಲಿ ಕಳ್ಳನ ಹಾಗೆ ನಡೆದು ಹೋಗುತ್ತಿದ್ದ. ಅಪ್ಪ ಎಚ್ಚರವಾಗಿಯೇ ಇರುತ್ತಿದ್ದರು. ಮಗನಿಗೆ ಬೇಜಾರಾಗಬಾರದು ಅಂತ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತಮ್ಮನ ಹೆಂಡತಿಯ ಕಡೆಯವರು ಬಂದರಂತೂ, ಅವರೂ ನಮ್ಮ ಹಾಲ್ ದಾಟಿಯೇ ಮೇಲೆ ಹೋಗಬೇಕು. ಯಾರ ತಪ್ಪೂ ಇರಲಿಲ್ಲ. ಆದರೂ ಮನೆಯಲ್ಲಿ ಮಾತು ಕಮ್ಮಿಯಾಗುತ್ತಾ ಬಂತು.

ಸರಿ, ಬೇರೆ ಮಾಡೋಣ ಅಂತ ಹೊರಟಾಗ ನನ್ನ ತಪ್ಪಿನ ಅಳತೆ ಗೊತ್ತಾಯಿತು. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಓದಿ. ಮುಂಬಾಗಿಲಿನಿಂದ ಮೊದಲ ಮೆಟ್ಟಿಲಿಗೆ 16 ಅಡಿ. ಆ 16 ಅಡಿ ಮೇಲಿನವರದ್ದಾ, ಕೆಳಗಿನವರದ್ದಾ? ಇಬ್ಬರದ್ದೂ. ಅದಕ್ಕೇ ಗೋಡೆ ಎಲ್ಲಿ ಹಾಕಿದರೂ ಒಬ್ಬರ ದಾರಿ ಮುಚ್ಚುತ್ತದೆ. ಉದ್ದಕ್ಕೆ ಹಾಕಿ ಮೂರೂವರೆ ಅಡಿಯ ಓಣಿ ಬಿಟ್ಟರೆ, ಹಾಲ್‌ನ ಎರಡೂ ಕಿಟಕಿ ಓಣಿಯ ಕಡೆಗೆ ಹೋಗಿ ಹಾಲ್ ಕತ್ತಲಾಗುತ್ತದೆ. ಹೋಗಲಿ, ಮೆಟ್ಟಿಲನ್ನೇ ಜರುಗಿಸೋಣ ಅಂದರೆ, ಅದು ಮರದ ಏಣಿಯಲ್ಲ. ಮೇಲಿನ ಸ್ಲ್ಯಾಬ್‌ನಲ್ಲಿ ಅದಕ್ಕೆ ಅಂತಲೇ ಜಾಗ ಬಿಟ್ಟು, ಸುತ್ತ ಬೀಮ್ ಕೊಟ್ಟು ಕಾಂಕ್ರೀಟ್ ಹಾಕಿರುತ್ತಾರೆ. ಹಳೆಯ ತೆರಪು ಮುಚ್ಚಬೇಕಾದರೆ ಹೊಸ ಕಂಬಿಯನ್ನು ಹಳೇ ಸ್ಲ್ಯಾಬ್‌ಗೆ ಕೂಡಿಸಬೇಕು. ಹೊಸ ತೆರಪು ಬೇಕಾದರೆ ಭಾರ ಹೊತ್ತಿರುವ ಕಂಬಿಯನ್ನೇ ಕತ್ತರಿಸಬೇಕು. ಇಂಜಿನಿಯರ್ ಬೇಡ ಅಂದರು. ಅವರು ಹೇಳಿದ್ದು ಸರಿಯೇ.

ಕೊನೆಗೆ ಮನೆಯ ಪಕ್ಕಕ್ಕೆ ಕಬ್ಬಿಣದ ಸುರುಳಿ ಮೆಟ್ಟಿಲು ಹಾಕಿಸಿದೆವು. ಅದು ನಮ್ಮ ಅಡುಗೆಮನೆ ಕಿಟಕಿಗೆ ಅಡ್ಡ ಬಂತು. ಅದರಲ್ಲಿ ಫ್ರಿಜ್ ಹತ್ತಲಿಲ್ಲ. ಅಮ್ಮ ಅರ್ಧ ಹತ್ತಿ, ಕಂಬಿ ಹಿಡಿದುಕೊಂಡು ನಿಂತವರು ಹಾಗೇ ಇಳಿದರು, ಮತ್ತೆ ಮೇಲೆ ಹೋಗಲಿಲ್ಲ. ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಬೇರೆ. ಆ ಮೆಟ್ಟಿಲು ಹತ್ತಿದರೆ ಕಾಲಿಡುವುದು ತಮ್ಮನ ಬೆಡ್‌ರೂಮ್‌ಗೆ, ಯಾಕೆಂದರೆ ಮೇಲಿನ ಹಾಲ್ ಇದ್ದದ್ದು ಹಳೇ ಮೆಟ್ಟಿಲಿನ ಕಡೆ. ಬೆಡ್‌ರೂಮ್ ದಾಟಿ ಹಾಲ್‌ಗೆ ಹೋಗುವ ಮನೆ ಮನೆಯಾ? ಎರಡು ವರ್ಷ ಸಹಿಸಿಕೊಂಡರು. ಈಗ ಬಾಡಿಗೆ ಮನೆಯಲ್ಲಿದ್ದಾರೆ. ಮೇಲಿನ ಕೋಣೆಗಳು ಖಾಲಿ ಬಿದ್ದಿವೆ.

ಅದಕ್ಕೇ ಹೇಳುತ್ತಿದ್ದೇನೆ, ನೀವು ಕೇಳಿದ ಎರಡೂ ಮುಖ್ಯ ಅಲ್ಲ. ಮಡಚುವ ಗೋಡೆ ಬೇಡವೇ ಬೇಡ. ಅದು ಕಣ್ಣಿಗೆ ಮರೆ, ಕಿವಿಗಲ್ಲ. ಸಂದಿಯಲ್ಲಿ ಗಾಳಿ ಹೋದರೆ ಮಾತೂ ಹೋಗುತ್ತದೆ. ಬೇರೆಯಾಗುವ ದಿನ ಬಂದಾಗ ಸ್ಲ್ಯಾಬ್ ಮುಟ್ಟುವ ತನಕ ಗಟ್ಟಿ ಇಟ್ಟಿಗೆ ಗೋಡೆ ಕಟ್ಟಿಸಿ, ಕೆಲವೇ ದಿನದ ಕೆಲಸ. ಫಾಲ್ಸ್ ಸೀಲಿಂಗ್‌ಗೆ ನಿಲ್ಲಿಸಿದರೆ ಅದರ ಮೇಲಿನಿಂದ ಸದ್ದು ಬರುತ್ತದೆ. ಎಲ್ಲಿ ಬಾಗಿಲು ಬರಬಹುದು ಅನ್ನಿಸುತ್ತದೋ ಅಲ್ಲಿ ಈಗಲೇ ಲಿಂಟಲ್, ಅಂದರೆ ಬಾಗಿಲ ಮೇಲಿನ ಗೋಡೆಯ ಭಾರ ಹೊರುವ ಅಡ್ಡ ತೊಲೆ, ಹಾಕಿಸಿ, ಕೆಳಗೆ ಸುಮ್ನೆ ಇಟ್ಟಿಗೆ ತುಂಬಿಸಿಡಿ. ಬೇಕಾದಾಗ ಇಟ್ಟಿಗೆ ತೆಗೆದರೆ ಆಯಿತು. ಹಾಗೇ, ಎಲ್ಲ ಬಾಗಿಲೂ 3 ಅಡಿ ಇರಲಿ, ಬಾತ್‌ರೂಮ್‌ನದ್ದೂ.

ಮೇಲೆ ಎರಡನೇ ಅಡುಗೆಮನೆ ಈಗಲೇ ಕಟ್ಟಬೇಡಿ, ಆದರೆ ಅದರ ಪೈಪ್‌ಗಳನ್ನು ಈಗಲೇ ಹಾಕಿಸಿ. ಕಟ್ಟೆ, ಸಿಂಕು ಯಾವಾಗಲಾದರೂ ಆಗುತ್ತದೆ. ಕೊಳಚೆ ನೀರಿನ ಪೈಪ್ ಹಾಗಲ್ಲ, ಅದಕ್ಕೆ ಇಳಿಜಾರು ಬೇಕು. 40 ಅಡಿಗೆ 1 ಅಡಿ ಲೆಕ್ಕ ಇಟ್ಟರೂ, ಪೈಪ್‌ಗಳು ಮೇಲಿನಿಂದ ಕೆಳಗೆ ಇಳಿಯುವ ಡಕ್ಟ್‌ನಿಂದ 12 ಅಡಿ ದೂರದ ಸಿಂಕಿಗೆ ಸುಮಾರು ಮೂರೂವರೆ ಇಂಚು ಇಳಿತ. ಆಮೇಲೆ ಅಷ್ಟು ಆಳವನ್ನು ಸ್ಲ್ಯಾಬ್ ಒಳಗೆ ಎಲ್ಲಿಂದ ತರುತ್ತೀರಿ? ಕೆಳಗಿನ ಅಡುಗೆಮನೆ, ಬಾತ್‌ರೂಮ್‌ಗಳ ನೇರಕ್ಕೇ ಮೇಲಿನವೂ ಬರಲಿ, ಎಲ್ಲಕ್ಕೂ ಒಂದೇ ಡಕ್ಟ್. ಮೇಲಿನ ಭಾಗಕ್ಕೆ ಬೇರೆಯೇ ಕರೆಂಟ್ ಬೋರ್ಡ್, ಬೇರೆಯೇ ನೀರಿನ ವಾಲ್ವ್. ಮೀಟರ್ ಇರುವಲ್ಲಿಂದ ಮೇಲಕ್ಕೆ ಒಂದು ಖಾಲಿ ಪೈಪ್ ಬಿಡಿಸಿ, ವೈರ್ ಆಮೇಲೆ ಎಳೆಯಬಹುದು.

ಚಿಲಿ ದೇಶದ ಇಕಿಕೆ ಅನ್ನೋ ಊರಿನಲ್ಲಿ ಅಲೆಹಾಂದ್ರೊ ಅರವೇನಾ ಅನ್ನೋ ವಾಸ್ತುಶಿಲ್ಪಿಯ ತಂಡ 2004ರಲ್ಲಿ ಸುಮಾರು ನೂರು ಕುಟುಂಬಗಳಿಗೆ ಅರ್ಧ ಮನೆ ಮಾತ್ರ ಕಟ್ಟಿಕೊಟ್ಟಿತು. ಮನೆಯವರಿಗೆ ತಾವೇ ಮಾಡಿಕೊಳ್ಳೋಕೆ ಕಷ್ಟವಾದ ಅರ್ಧ: ಅಡುಗೆಮನೆ, ಬಾತ್‌ರೂಮ್, ಮೆಟ್ಟಿಲು, ನಡುಗೋಡೆ. ಉಳಿದ ಜಾಗವನ್ನು ಅವರವರೇ ತುಂಬಿಸಿಕೊಂಡರು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಆಮೇಲೆ ಮಾಡಬಹುದಾದದ್ದನ್ನೆಲ್ಲ ಮೊದಲೇ ಮುಗಿಸಿ, ಬದಲಾಯಿಸೋಕೆ ಆಗದ್ದನ್ನು ಎರಡೇ ನಿಮಿಷದಲ್ಲಿ ತೀರ್ಮಾನ ಮಾಡಿದ್ದೆ.

"ಮಕ್ಕಳು ದೊಡ್ಡವರಾಗಲಿ, ಆಗ ನೋಡೋಣ" ಅಂತಲೂ ಬರೆದಿದ್ದೀರಿ. ನೋಡಬಹುದು, ಆದರೆ ಆಗ ಮಾಡೋಕೆ ಏನೂ ಉಳಿದಿರುವುದಿಲ್ಲ. ಇವತ್ತೇ ಪ್ಲಾನ್ ತೆಗೆದು ಎರಡು ಬಣ್ಣದ ಪೆನ್ಸಿಲ್ ಹಿಡಿದುಕೊಳ್ಳಿ. ಬೀದಿ ಬಾಗಿಲಿನಿಂದ ಮೇಲಿನವರ ಹಾಸಿಗೆಯ ತನಕ ಒಂದು ಗೆರೆ, ಕೆಳಗಿನವರ ಹಾಸಿಗೆಯ ತನಕ ಇನ್ನೊಂದು. ಪಡಸಾಲೆ ದಾಟಿದ ಮೇಲೂ ಆ ಎರಡು ಗೆರೆ ಜೊತೆಯಲ್ಲೇ ಹೋಗುತ್ತಿದ್ದರೆ, ಕಾಂಕ್ರೀಟ್ ಸುರಿಯೋಕೆ ಸೆಂಟ್ರಿಂಗ್ ಹಲಗೆ ಬಡಿಯುವ ಮೊದಲು ಆ ಮೆಟ್ಟಿಲನ್ನು ಮುಂಬಾಗಿಲ ಹತ್ತಿರಕ್ಕೆ ತನ್ನಿ. ಹಾಲ್ 4 ಅಡಿ ಚಿಕ್ಕದಾಗುತ್ತದೆ, ಆಗಲಿ ಬಿಡಿ.