ನೀಹಾಮಾಗೆ ಬರುವ ಮೊದಲು ಆ ಹಳೆಯ ಚರಿತ್ರೆ ಓದಿ

ಸುಮಿಟೊಮೊ ಮೆಟಲ್ ಮೈನಿಂಗ್‌ನ ತೋಯೊ ತಾಮ್ರ ಸ್ಮೆಲ್ಟರ್‌ನಲ್ಲಿ (ಅದಿರು ಕರಗಿಸಿ ತಾಮ್ರ ತೆಗೆಯುವ ಕಾರ್ಖಾನೆ) ಕೆಲಸ ಸಿಕ್ಕಿದೆ, ಜಪಾನಿನ ನೀಹಾಮಾದಲ್ಲಿ ಬದುಕು ಹೇಗೆ, ಕಂಪನಿಯ ಹಳೆಯ ಚರಿತ್ರೆಯನ್ನೆಲ್ಲ ಓದಿಕೊಂಡೇ ಬರಬೇಕಾ ಎಂದು ಕೇಳಿದ್ದೀರಿ. ಓದಿಕೊಂಡೇ ಬನ್ನಿ. ಇಲ್ಲಿಯ ಕೆಲಸದ ರೀತಿ ಅರ್ಥವಾಗುವುದು ಅದರಿಂದಲೇ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಉಕ್ಕಿನ ಸುಮಿಟೊಮೊ ಮೆಟಲ್ ಇಂಡಸ್ಟ್ರೀಸ್ ಬೇರೆ, ಅದು 2012ರಲ್ಲಿ ನಿಪ್ಪಾನ್ ಸ್ಟೀಲ್ ಜೊತೆ ಸೇರಿಹೋಯಿತು. ನಿಮ್ಮದು ತಾಮ್ರ, ನಿಕಲ್, ಚಿನ್ನದ ಕಂಪನಿ. 1590ರಲ್ಲಿ ಸೋಗಾ ರಿಯೆಮೋನ್ ಕ್ಯೋಟೊದಲ್ಲಿ ತಾಮ್ರದ ಕುಲುಮೆ ಹೂಡಿದ್ದು ಇದರ ಮೂಲ. ತಾಮ್ರಕ್ಕೆ ಸೀಸ ಬೆರೆಸಿ ಕರಗಿಸಿ, ಬೆಳ್ಳಿಯನ್ನು ಸೀಸದ ಜೊತೆ ಇಳಿಸಿ ತೆಗೆಯುವುದು ಆತನ ವಿದ್ಯೆ. ನೀಹಾಮಾದ ಬೆನ್ನಿಗಿರುವ ಬೆಟ್ಟದಲ್ಲಿ ಬೆಶ್ಶಿ ಗಣಿ 1691ರಲ್ಲಿ ಶುರುವಾಗಿ 1973ರಲ್ಲಿ ಮುಚ್ಚಿತು. ಯುದ್ಧದ ನಂತರ ಝೈಬತ್ಸುಗಳನ್ನು, ಅಂದರೆ ಕುಟುಂಬಗಳ ಹಿಡಿತದ ದೊಡ್ಡ ಉದ್ಯಮಕೂಟಗಳನ್ನು, ಒಡೆದಾಗ, 1946ರಲ್ಲಿ ಸುಮಿಟೊಮೊ ಎಂಬ ಹೆಸರೇ ಹೋಗಿ ಸೇಕಾ ಆಯಿತು, 1950ರಲ್ಲಿ ಬೆಶ್ಶಿ, 1952ರಲ್ಲಿ ಈಗಿನ ಹೆಸರು.

ಇನ್ನು ಹೊಗೆಯ ಕಥೆ. ಬೆಶ್ಶಿಯ ಅದಿರಿನಲ್ಲಿ ಗಂಧಕ ಜಾಸ್ತಿ. ಅದಿರು ಸುಟ್ಟ ಹೊಗೆಗೆ ಬೆಟ್ಟ ಬೋಳಾಯಿತು, ಉರುವಲಿಗೆ ಮರ ಕಡಿದದ್ದೂ ಸೇರಿತು. ಕುಲುಮೆಗಳನ್ನು ನೀಹಾಮಾ ತೀರಕ್ಕೆ ಇಳಿಸಿದಾಗ ಬತ್ತದ ಗದ್ದೆ ಹಾಳಾಗಿ ರೈತರು ತಿರುಗಿಬಿದ್ದರು. 1894ರಲ್ಲಿ ಗಣಿಯ ಮುಖ್ಯಸ್ಥನಾಗಿ ಬಂದ ಇಬಾ ತೇಗೊ ಬೆಟ್ಟಕ್ಕೆ ವರ್ಷಕ್ಕೆ 10 ಲಕ್ಷಕ್ಕೂ ಮೀರಿ ಸಸಿ ನೆಡಿಸಿದ, ಕುಲುಮೆಯನ್ನು ಸುಮಾರು 20 ಕಿ.ಮೀ. ದೂರದ ಶಿಸಾಕಾ ದ್ವೀಪಗಳಿಗೆ ಸಾಗಿಸಲು ನಿಶ್ಚಯಿಸಿದ. ಅಲ್ಲಿ 1905ರಲ್ಲಿ ಕೆಲಸ ಶುರುವಾಯಿತು. ಸಮುದ್ರದ ಮೇಲೆ ಹೊಗೆ ಕರಗಿಹೋಗುತ್ತದೆ ಎಂಬ ಲೆಕ್ಕ ತಪ್ಪಿತು. ಗಾಳಿ ಅದನ್ನು ಇನ್ನೂ ಅಗಲದ ನೆಲಕ್ಕೆ ತಂದು ಸುರಿಯಿತು. ಹೊಗೆಯ ಗಂಧಕದಿಂದ ಆಮ್ಲ, ಆಮ್ಲದಿಂದ ಗೊಬ್ಬರ ಮಾಡಲು 1913ರಲ್ಲಿ ಶುರುವಾದ ಘಟಕವೇ ಇಂದಿನ ಸುಮಿಟೊಮೊ ಕೆಮಿಕಲ್. ಆದರೂ ತೊಂದರೆ ಪೂರ್ತಿ ತೀರಿದ್ದು 1939ರಲ್ಲಿ, ಉಳಿದ ಅನಿಲವನ್ನು ಅಮೋನಿಯಾದಿಂದ ತಟಸ್ಥಗೊಳಿಸುವ ಘಟಕ ಬಂದ ಮೇಲೆ. ಈಗ ತೋಯೊದಲ್ಲಿ ಆಮ್ಲದ ಘಟಕ ನಿಂತರೆ ಅದಿರಿನ ಪುಡಿ ಕರಗಿಸುವ ಫ್ಲ್ಯಾಶ್ ಫರ್ನೇಸನ್ನೂ ನಿಲ್ಲಿಸಲೇಬೇಕು. ಅನಿಲಕ್ಕೆ ಹೋಗಲು ಬೇರೆ ದಾರಿಯಿಲ್ಲ.

ಎರಡನೆಯದು ನೋವಿನ ಅಧ್ಯಾಯ, ಇದನ್ನು ಮಾತ್ರ ತಪ್ಪಿಸಬೇಡಿ. 1999ರ ಸೆಪ್ಟೆಂಬರ್ 30, ತೊಕಾಯ್‌ಮುರಾ. ಅಲ್ಲಿ ಪರಮಾಣು ಇಂಧನ ಸಂಸ್ಕರಿಸುತ್ತಿದ್ದದ್ದು ಕಂಪನಿಯ ಅಂಗಸಂಸ್ಥೆ ಜೆಸಿಒ. ಯುರೇನಿಯಂ ಪುಡಿಯನ್ನು ನಿಗದಿತ ಗೋಪುರದಲ್ಲಿ ಕರಗಿಸುವ ಬದಲು ಸ್ಟೀಲ್ ಬಕೆಟ್‌ನಲ್ಲಿ ಕರಗಿಸಿ, ಆಲಿಕೆ ಇಟ್ಟು ನೇರವಾಗಿ ಅವಕ್ಷೇಪ ತೊಟ್ಟಿಗೆ ಸುರಿದರು. ಯುರೇನಿಯಂ ಮಿತಿ 2.4 ಕೆ.ಜಿ., ತೊಟ್ಟಿಗೆ ಬಿದ್ದದ್ದು ಸುಮಾರು 16 ಕೆ.ಜಿ. ಸಪೂರ ಪಾತ್ರೆಯಾಗಿದ್ದರೆ ಸರಪಳಿ ಕ್ರಿಯೆ ನಡೆಸುವ ನ್ಯೂಟ್ರಾನ್ ಕಣಗಳು ಹೊರಗೆ ಸೋರಿಹೋಗುತ್ತಿದ್ದವು. ಈ ತೊಟ್ಟಿ ಅಗಲ, ಮೇಲಾಗಿ ಸುತ್ತಲ ತಂಪು ನೀರಿನ ಹೊದಿಕೆ ಅವನ್ನು ಒಳಗೇ ತಿರುಗಿಸಿತು. ಸರಪಳಿ ಕ್ರಿಯೆ ಸುಮಾರು 20 ಗಂಟೆ ನಡೆಯಿತು, ಆ ನೀರನ್ನು ಬಸಿದ ಮೇಲೆ ನಿಂತಿತು. ಇಬ್ಬರು ಕೆಲಸಗಾರರು ತೀರಿಕೊಂಡರು. ಬಕೆಟ್ ಬಳಕೆ ಆ ದಿನದ ಆತುರವಲ್ಲ, ವರ್ಷಗಳಿಂದ ರೂಢಿಯಾಗಿ ಒಳಗಿನ ಕೈಪಿಡಿಗೂ ಸೇರಿತ್ತು.

ಹಾಗಾಗಿ ಕಾರ್ಖಾನೆಯಲ್ಲಿ ಒಂದು ಮಾತು ನೆನಪಿಡಿ: ವಿಧಾನ ಎಷ್ಟೇ ಸುತ್ತುಬಳಸಾಗಿ ಕಂಡರೂ ನೀವಾಗಿ ಬದಲಿಸಬೇಡಿ. ಬರೆದು ಕೊಡಿ, ಒಪ್ಪಿಗೆ ಬರುವ ತನಕ ಕಾಯಿರಿ. ನಮ್ಮ ಕಡೆಯ ‘ಹೇಗೋ ಮಾಡಿ ಮುಗಿಸೋಣ’ ಜಾಣತನ ಕುಲುಮೆಯ ಮುಂದೆ ಬೇಡ. ಕರಗಿದ ಮ್ಯಾಟ್‌ಗೆ (ತಾಮ್ರ, ಕಬ್ಬಿಣ, ಗಂಧಕದ ಕಾದ ದ್ರವ) ಒದ್ದೆ ಸಲಾಕೆ ತಗುಲಿದರೆ ನೀರು ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ. ಸಲಾಕೆಯನ್ನು ಮೊದಲು ಕಾಯಿಸಿ ಒಣಗಿಸಿಯೇ ಇಳಿಸಬೇಕು. ಗಡ್ಡವಿದ್ದರೆ ಅನಿಲದ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ, ಸಂದಿಯಿಂದ ಗಂಧಕದ ಅನಿಲ ಒಳನುಗ್ಗುತ್ತದೆ. ಸ್ವಲ್ಪದರಲ್ಲಿ ತಪ್ಪಿದ ಅವಘಡವನ್ನು ‘ಹಿಯಾರಿ ಹತ್ತೊ’ ಎನ್ನುತ್ತಾರೆ. ಅಂಥದ್ದನ್ನು ಬರೆದು ತಿಳಿಸಲು ನಾಚಿಕೆಪಡಬೇಡಿ.

ಊರು ಸಣ್ಣದು, ಶಾಂತ. ಮನೆ ಹಿಡಿದ 14 ದಿನದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ, ರೆಸಿಡೆನ್ಸ್ ಕಾರ್ಡ್ ಮರೆಯಬೇಡಿ. ಸಸ್ಯಾಹಾರಿಯಾದರೆ ಮಿಸೊ ಸೂಪ್ ಬಗ್ಗೆ ಎಚ್ಚರ, ತರಕಾರಿಯಷ್ಟೇ ಕಂಡರೂ ಅದರ ‘ದಾಶಿ’ ಸಾಮಾನ್ಯವಾಗಿ ಮೀನಿನದು. ಪಿಂಚಣಿ ಕಂತು ಸಂಬಳದಲ್ಲೇ ಕಡಿತವಾಗುತ್ತದೆ. ಊರಿಗೆ ಮರಳುವಾಗ ಅದನ್ನು ಒಟ್ಟಿಗೆ ವಾಪಸ್ ಪಡೆಯಲು ಆತುರಪಡಬೇಡಿ: 2016ರ ಭಾರತ–ಜಪಾನ್ ಒಪ್ಪಂದದಂತೆ ಇಲ್ಲಿಯ ವರ್ಷಗಳು ಅಲ್ಲಿಯವುಗಳ ಜೊತೆ ಲೆಕ್ಕಕ್ಕೆ ಸೇರುತ್ತವೆ, ಹಣ ಪಡೆದರೆ ಆ ವರ್ಷಗಳು ಅಳಿಸಿಹೋಗುತ್ತವೆ. ಅಕ್ಟೋಬರ್ 16ರಿಂದ 18ರವರೆಗೆ ತೈಕೊ ಹಬ್ಬ, ದೊಡ್ಡ ಡೋಲಿನ ರಥಗಳ ಮೆರವಣಿಗೆ, ಆ ಮೂರು ದಿನ ಮನೆ ಸಾಮಾನು ಸಾಗಿಸುವ ಯೋಚನೆ ಇಟ್ಟುಕೊಳ್ಳಬೇಡಿ.