ಓದುಗರ ಪ್ರಶ್ನೆ: ಮನೆಯ ಅಂದಕ್ಕೆ ಊರಿನ ಬಣ್ಣ

ಪ್ರಶ್ನೆ: ಮಂಗಳೂರಿನಲ್ಲಿರುವ ನಮ್ಮ ಬಾಡಿಗೆ ಮನೆಯನ್ನು ಹೆಚ್ಚು ಖರ್ಚಿಲ್ಲದೆ ಅಂದಗೊಳಿಸುವ ಆಸೆಯಿದೆ. ಸ್ಫೂರ್ತಿಯನ್ನು ಎಲ್ಲಿ ಹುಡುಕಲಿ?

ಉತ್ತರ: ಒಂದು ಸಂಜೆ ಊರೊಳಗೇ ತಿರುಗಾಡಿ. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಕಲಾವಿದ ಆಂಟೋನಿಯೊ ಮೊಶೇನಿ ಗೋಡೆ, ಚಾವಣಿಗಳ ತುಂಬ ಬಿಡಿಸಿದ ಚಿತ್ರಗಳೆದುರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಬಣ್ಣಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂಬುದನ್ನು ಗಮನಿಸಿ. ಬಳಿಕ ಹಳೆಯ ಹೆಂಚಿನ ಮನೆಗಳ ಓಣಿಗಳಲ್ಲಿ ನಡೆಯಿರಿ. ಬಾಸೆಲ್ ಮಿಷನ್ 1865ರಲ್ಲಿ ಇಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಹೆಂಚಿನ ಆ ಕೆಂಪೇ, ನನ್ನ ದೃಷ್ಟಿಯಲ್ಲಿ, ನಮ್ಮೂರಿನ ನಿಜವಾದ ಬಣ್ಣ. ಅದನ್ನು ಮಣ್ಣಿನ ಹೂಕುಂಡದಲ್ಲೋ ದಿಂಬಿನ ಹೊದಿಕೆಯಲ್ಲೋ ಮನೆಯೊಳಗೆ ತಂದರೆ ಗೋಡೆಗೆ ಮೊಳೆ ಹೊಡೆಯುವ ಅಗತ್ಯವೂ ಇಲ್ಲ (ಬಾಡಿಗೆದಾರರಿಗೆ ಇದು ಸಣ್ಣ ಮಾತಲ್ಲ). ಮರಳುವಾಗ ಬಿಸಿ ಗೋಳಿಬಜೆ ತಿನ್ನಿ. ಮರುದಿನ ನೀರುದೋಸೆಯನ್ನು ಬಾಳೆಲೆಯಲ್ಲಿ ಬಡಿಸಿ, ಹಸಿರಿನ ಮೇಲಿನ ಆ ಬಿಳುಪನ್ನೊಮ್ಮೆ ನೋಡಿ; ನಿಮ್ಮ ಕಿಟಕಿಯ ಪರದೆಗೆ ಆ ಜೋಡಿಯೇ ಒಪ್ಪುತ್ತದೆ.